ಎಡಗಾಲಿನ ನರ್ತಕಿ

"ನಾನು ಮಾಡಿದ್ರೆ ತಪ್ಪಾಗುತ್ತೆ, ಬಿಡು."

ಮದುವೆಯಾದ ವರ್ಷದಿಂದ ಅನುಸೂಯಮ್ಮ ಈ ಮಾತನ್ನು ಕೇಳಿಕೊಂಡೇ ಬಂದಿದ್ದರು. ಗೋಡೆಗೊಂದು ಮೊಳೆ ಹೊಡೀರಿ ಎಂದರೆ ಇದೇ ಮಾತು. ಬರುವಾಗ ಎಳೇ ಬದನೆಕಾಯಿ ತನ್ನಿ ಎಂದರೆ ಇದೇ ಮಾತು. ಮಗ ಪ್ರಮೋದ ಶಾಲೆಗೆ ಹೋಗುತ್ತಿದ್ದಾಗ ಒಂದು ಸಲ, ಕಪ್ಪೆಯ ಚಿತ್ರ ಬರೆದುಕೊಡಿ ಅಪ್ಪಾ ಎಂದು ಪುಸ್ತಕ ಹಿಡಿದು ಎದುರಿಗೆ ನಿಂತಿತ್ತು ಆ ಕೂಸು. ಹಡಗಿನ ನಕ್ಷೆಗಳನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಬರೆಯುತ್ತಿದ್ದ ಮಹಾನುಭಾವರು, ಅದಕ್ಕೂ ಇದೇ ಮಾತು ಹೇಳಿ, ಪೇಪರು ಮಡಿಸಿಕೊಂಡು ಎದ್ದುಹೋಗಿದ್ದರು. ಕೊನೆಗೆ ಕಪ್ಪೆ ಬರೆದವರು ಅನುಸೂಯಮ್ಮ. ಅದು ಕಪ್ಪೆಗಿಂತ ಇಡ್ಲಿಗೇ ಹತ್ತಿರವಾಗಿತ್ತು. ಮೇಷ್ಟ್ರು ಅದರ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಕಳಿಸಿದ್ದರು.

ಈ 'ತಪ್ಪಾಗುತ್ತೆ'ಯ ಬೇರು ಎಲ್ಲಿದೆಯೆಂದು ಅನುಸೂಯಮ್ಮನಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಮೈ ಇನ್ನಷ್ಟು ಉರಿಯುತ್ತಿತ್ತು.

ನಾರಾಯಣಸ್ವಾಮಿ ತುಮಕೂರು ಕಡೆಯವರು. ಮೈಸೂರಿನಲ್ಲಿ ಚಿತ್ರಕಲೆ ಕಲಿತು, ಚಿತ್ರ ಬರೆದರೆ ಹೊಟ್ಟೆ ತುಂಬುವುದಿಲ್ಲವೆಂದು ತಿಳಿದ ಮೇಲೆ, ವಿಶಾಖಪಟ್ಟಣದಲ್ಲಿ ಹಡಗು ಕಟ್ಟುವ ಕಂಪನಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದವರು. ಐವತ್ತೊಂದನೇ ಇಸವಿಯ ಮಾತು. ಆಗ ಅವರಿಗೆ ತೆಲುಗಿನ ಒಂದಕ್ಷರವೂ ಬರುತ್ತಿರಲಿಲ್ಲ. ಅವರಿದ್ದ ಬಾಡಿಗೆ ಕೋಣೆಯ ಪಕ್ಕದಲ್ಲಿ ರೈಲ್ವೆ ಗುಮಾಸ್ತರೊಬ್ಬರ ಸಂಸಾರ. ಆ ಮನೆಯ ಮಗಳು ಸೀತಾಮಹಾಲಕ್ಷ್ಮಿ ಕೂಚಿಪೂಡಿ ಕಲಿಯುತ್ತಿದ್ದಳು. ಪಕ್ಕದ ಹುಡುಗ ಚಿತ್ರಗಾರ ಎಂದು ತಿಳಿದ ಗುಮಾಸ್ತರು, ನಮ್ಮ ಹುಡುಗಿ ನಾಟ್ಯವಾಡುವ ಹಾಗೆ ಒಂದು ಚಿತ್ರ ಬರೆದುಕೊಡಪ್ಪಾ ಎಂದು ಕೇಳಿದರು. ಅವರ ಮನಸ್ಸಿನಲ್ಲಿದ್ದದ್ದು ಕ್ಯಾಲೆಂಡರಿನ ಲಕ್ಷ್ಮಿ. ಇವರು ಎಣ್ಣೆ ಬಣ್ಣದಲ್ಲಿ ಬರೆದದ್ದು ಹಸಿರು ಮುಖದ, ಕಣ್ಣಿಲ್ಲದ, ಒಡೆದ ಬಳೆಚೂರು ಜೋಡಿಸಿದಂಥ ಸೀರೆಯ ಒಬ್ಬಾಕೆ. ಪರದೇಶದಲ್ಲಿ ಹಾಗೆಲ್ಲ ಬರೆಯುತ್ತಿದ್ದರಂತೆ. ನಮ್ಮ ಕಡೆ ಅಂಥ ಹೊಸ ರೀತಿಗೆ ಕೈಹಾಕಿದ ಮೊದಲಿಗರಲ್ಲಿ ನಾನೂ ಒಬ್ಬ ಎಂದು ಮದುವೆಯ ಹೊಸದರಲ್ಲಿ ಹೆಂಡತಿಗೆ ಹೇಳಿದ್ದರು.

"ಚಿತ್ರ ಮುಗೀತು. ಆ ಹುಡುಗಿ ಬಂದು ನೋಡಿದ್ಳು. 'ತಪ್ಪು' ಅಂದ್ಳು. ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ಳು."

ಅಷ್ಟೇ ಕಥೆ. ಮಾರನೆಯ ದಿನ ಕುಂಚಗಳನ್ನೆಲ್ಲ ಕಟ್ಟಿ ಸಮುದ್ರಕ್ಕೆ ಎಸೆದುಬಂದರಂತೆ. ಚಿತ್ರದ ಮೇಲೆ ಹೆಸರು ಸಹ ಬರೆಯಲಿಲ್ಲ. ಸ್ವಲ್ಪ ದಿನಕ್ಕೆ ಆ ಗುಮಾಸ್ತರಿಗೆ ವಿಜಯವಾಡಕ್ಕೆ ವರ್ಗವಾಯಿತು, ಪಾತ್ರೆ ಪಡಗದ ಜೊತೆ ಚಿತ್ರವೂ ಹೋಯಿತು.

ಹೋದದ್ದು ಹೋಯಿತಲ್ಲ ಎನ್ನುವ ಹಾಗೆಯೂ ಇರಲಿಲ್ಲ. ಯಾರೋ ಇಪ್ಪತ್ತು ತುಂಬದ ಹುಡುಗಿ ಒಂದು ಮಾತು ಅಂದಳು, ಅಂದು ತನ್ನ ಪಾಡಿಗೆ ತಾನು ಹೋದಳು. ಅದನ್ನು ಈ ಮನುಷ್ಯ ಐವತ್ತು ವರ್ಷ ಕಂಕುಳಲ್ಲಿಟ್ಟುಕೊಂಡು ತಿರುಗಬೇಕೆ? ಒಂದು ಸಲ, ಒಂದೇ ಒಂದು ಸಲ, ಅನುಸೂಯಮ್ಮ ನಾಚಿಕೆ ಬಿಟ್ಟು "ನಂದೊಂದು ಚಿತ್ರ ಬರೀರಿ" ಎಂದು ಕೇಳಿದ್ದರು. ಉತ್ತರ ಏನು ಬಂದಿರಬಹುದು? ಅದೇ. ಆಮೇಲೆ ಅವರು ಕೇಳಲಿಲ್ಲ. ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡರು.

ಇನ್ನೂ ಎಷ್ಟೋ ವಿಚಿತ್ರಗಳಿದ್ದವು ಆ ಮನುಷ್ಯನಲ್ಲಿ. ಮದುವೆಯಾದ ಮೊದಲ ಬೇಸಿಗೆ, ಕೆಲಸದಿಂದ ಬಂದು ಕುಳಿತವರಿಗೆ ಅನುಸೂಯಮ್ಮ ಮಜ್ಜಿಗೆ ಕೊಟ್ಟು "ಕುಡೀರಿ" ಎಂದಿದ್ದರು. ಲೋಟ ಕೈಯಲ್ಲಿ ಹಿಡಿದು ಅವರು ಹೇಳಿದ್ದು: "ಕುಡೀರಿ ಅನ್ಬೇಡ. ಬರೀ 'ಕುಡಿ' ಅನ್ನು." ಅನುಸೂಯಮ್ಮ ಹೌಹಾರಿ, ಅಡುಗೆಮನೆಯ ಕಡೆ ತಿರುಗಿ ನೋಡಿ, "ಗಂಡನ್ನ ಹಾಗೆ ಮಾತಾಡ್ಸಿದ್ರೆ ನಿಮ್ಮಮ್ಮ ನನ್ನ ಚರ್ಮ ಸುಲೀತಾರೆ ಅಷ್ಟೇ!" ಎಂದು ನಾಲಿಗೆ ಕಚ್ಚಿಕೊಂಡಿದ್ದರು. ಅವರು ಅರ್ಧ ಲೋಟ ಕುಡಿದು ಇಟ್ಟು ಹೊರಗೆ ಹೋಗಿಬಿಟ್ಟಿದ್ದರು. ಅದಕ್ಕೂ ಮುಖ ಊದಿಸಿಕೊಳ್ಳುವುದೇ? ಉಪ್ಪು ಹೆಚ್ಚಾಗಿತ್ತೇನೋ ಎಂದು ಅನುಸೂಯಮ್ಮ ಉಳಿದರ್ಧ ತಾವು ಕುಡಿದು ನೋಡಿದ್ದರು. ಉಪ್ಪು ಸರಿಯಾಗಿಯೇ ಇತ್ತು.

ಎರಡು ಸಾವಿರದ ನಾಲ್ಕನೇ ಇಸವಿಯ ಏಪ್ರಿಲ್‌ನಲ್ಲಿ ಅಶ್ವತ್ಥನ ಫೋನು ಬಂತು. ಅಶ್ವತ್ಥ ಅನುಸೂಯಮ್ಮನ ಅಣ್ಣನ ಮಗ, ಬ್ಯಾಂಕಿನಲ್ಲಿ ಆಫೀಸರು, ತುಮಕೂರಿನಿಂದ ವಿಜಯವಾಡಕ್ಕೆ ವರ್ಗವಾಗಿ ಬಂದವನು. ಬಂದ ಹೊಸತರಲ್ಲಿ ಆಟೋದವನು "ಕುಡಿಕಾ, ಎಡಮಕಾ?" ಎಂದು ಕೇಳಿದ್ದಕ್ಕೆ "ನಾನು ಕುಡಿಯೋದಿಲ್ಲಪ್ಪಾ" ಎಂದು ಉತ್ತರ ಕೊಟ್ಟು ಮರ್ಯಾದೆ ಕಳೆದುಕೊಂಡಿದ್ದ. ತೆಲುಗಿನಲ್ಲಿ ಕುಡಿ ಎಂದರೆ ಬಲಗಡೆ ಎಂದು ಪಾಪ ಅವನಿಗೇನು ಗೊತ್ತು. ಆ ಕಥೆ ಕೇಳಿ ನಾರಾಯಣಸ್ವಾಮಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

"ಅತ್ತೆ, ಮಾವ ಒಂದು ಕಾಲದಲ್ಲಿ ಚಿತ್ರ ಬರೀತಿದ್ರು ಅಂತಿದ್ರಲ್ಲ, ಹಸಿರು ಮುಖದ್ದು?" ಎಂದ ಅಶ್ವತ್ಥ. "ಅದು ಇಲ್ಲಿದೆ. ನಮ್ಮ ಮಗಳು ಶ್ರಾವಣೀನ ಡ್ಯಾನ್ಸ್ ಕ್ಲಾಸಿಗೆ ಸೇರಿಸಿದೀನಲ್ಲ, ಆ ಟೀಚರ್ ಮನೆ ಗೋಡೆ ಮೇಲೆ. ಹೆಸರು ಸೀತಾಮಹಾಲಕ್ಷ್ಮಿ. ಯಾರು ಬರೆದದ್ದು ಅಂತ ಕೇಳಿದ್ರೆ, ಹಡಗಿನ ಕಂಪನೀಲಿ ಸ್ವಾಮಿ ಅಂತ ಒಬ್ಬ ಕನ್ನಡದ ಹುಡುಗ ಅಂದ್ರು."

ಅನುಸೂಯಮ್ಮ ಹತ್ತಿರವಿದ್ದ ಕುರ್ಚಿ ಎಳೆದುಕೊಂಡು ಕುಳಿತರು.

ವಿಷಯ ಅಷ್ಟಕ್ಕೇ ನಿಂತಿರಲಿಲ್ಲ. ಹಳೆಯ ಕಾಲದ ಹೊಸ ರೀತಿಯ ಚಿತ್ರಗಳಿಗೆಂದೇ ವಿಜಯವಾಡದಲ್ಲಿ ಒಂದು ಚಿತ್ರಶಾಲೆ ತೆರೆಯುವವರಿದ್ದರು. ಅದರ ಮೇಲ್ವಿಚಾರಣೆ ಜಗನ್ಮೋಹನ್ ಎಂಬ ಕಾಲೇಜು ಮೇಷ್ಟರದು. ಅವರಿಗೆ ಈ ಚಿತ್ರ ಬೇಕು, ಸೀತಾಮಹಾಲಕ್ಷ್ಮಿಯವರು ಕೊಡಲು ಒಪ್ಪಿದ್ದಾರೆ. ಆದರೆ ಚಿತ್ರದ ಮೇಲೆ ಹೆಸರಿಲ್ಲ. ಬಾಯಿಮಾತು ನಂಬಿ ಹೆಸರು ಹಾಕಲಾಗುವುದಿಲ್ಲ, ಬರೆದವರೇ ಬಂದು ಸಹಿ ಮಾಡಿದರೆ ಸರಿ. ಇಲ್ಲದಿದ್ದರೆ ಕೆಳಗೆ 'ಅಜ್ಞಾತ ಕಲಾವಿದ' ಎಂದು ಬರೆಸಿ ಭಾನುವಾರ ಚಿತ್ರ ತೆಗೆದುಕೊಂಡು ಹೋಗುತ್ತೇವೆ ಎಂದಿದ್ದರು.

ಅನುಸೂಯಮ್ಮ ಹಜಾರಕ್ಕೆ ಬಂದು ಎಲ್ಲವನ್ನೂ ಒಪ್ಪಿಸಿದರು. ನಾರಾಯಣಸ್ವಾಮಿ ಪೇಪರಿನಿಂದ ತಲೆಯೆತ್ತಲಿಲ್ಲ.

"ತಪ್ಪು ಅಂದ್ಮೇಲೆ ಅದಕ್ಕೆ ನನ್ನ ಹೆಸರು ಯಾಕೆ?"

"ಅಂದು ಐವತ್ತು ವರ್ಷ ಆಯ್ತು ಕಣ್ರೀ!"

"ತಪ್ಪು ತಪ್ಪೇ."

"ಅಲ್ರೀ, ಏನು ತಪ್ಪು ಅಂತಾದ್ರೂ ಕೇಳಿದ್ರಾ?"

"ಕೇಳೋದೇನು? ಅವರಿಗೆಲ್ಲ ರಂಭೆ ಊರ್ವಶಿ ಬೇಕಿತ್ತು. ಕಣ್ಣೆಲ್ಲಿ, ಮೂಗೆಲ್ಲಿ ಅಂತ ಹುಡುಕೋ ಜನಕ್ಕೆ ಏನು ಅರ್ಥ ಆಗುತ್ತೆ? ಅರ್ಥ ಆಗೋದು ಬೇಡ, ಬರೆದವನ ಮನಸ್ಸಾದ್ರೂ..." ಎಂದವರು ಅಲ್ಲಿಗೇ ನಿಲ್ಲಿಸಿ, "ನಾನು ಬಂದ್ರೆ ಇನ್ನೊಂದು ತಪ್ಪಾಗುತ್ತೆ, ಬಿಡು" ಎಂದು ಪುಟ ತಿರುಗಿಸಿದರು.

ಅನುಸೂಯಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಕೇಳಿ ಇಲ್ಲಿ. ನೀವು ಚಿತ್ರ ಬಿಟ್ರಿ, ನಾನು ಸುಮ್ನಿದ್ದೆ. ಮೊಳೆ ಹೊಡೆಯೋದು ಬಿಟ್ರಿ, ಬದನೆಕಾಯಿ ಆರಿಸೋದು ಬಿಟ್ರಿ, ಎಲ್ಲ ನಾನೇ ಮಾಡ್ದೆ. ಯಾಕೆ? ದೊಡ್ಡ ಚಿತ್ರಗಾರ, ಮನಸ್ಸಿಗೆ ಪೆಟ್ಟು ಬಿದ್ದಿದೆ ಅಂತ. ಈಗ ಅದರ ಕೆಳಗೆ ಅಜ್ಞಾತ ಅಂತ ಹಾಕ್ತಾರಂತೆ. ಹಾಗಾದ್ರೆ ಇಷ್ಟು ವರ್ಷ ನಾನು ಸಂಸಾರ ಮಾಡಿದ್ದು ಯಾರ ಜೊತೆ? ಅಜ್ಞಾತನ ಜೊತೆಗಾ? ನೀವು ಬರಬೇಡಿ, ಇಲ್ಲೇ ಬಿದ್ದಿರಿ. ನಾನೊಬ್ಬಳೇ ಹೋಗಿ ನನ್ನ ಗಂಡನ ಹೆಸರು ನಾನೇ ಬರೆದು ಬರ್ತೀನಿ. ಕಪ್ಪೆ ಬರೆದ ಕೈ ಇದು, ಮರೀಬೇಡಿ!"

ಆ ಕಪ್ಪೆಯನ್ನು ನೋಡಿದ್ದವರಿಗೆ ಈ ಬೆದರಿಕೆ ಸಣ್ಣದಲ್ಲ. ನಾರಾಯಣಸ್ವಾಮಿ ಕನ್ನಡಕ ತೆಗೆದು ಹೆಂಡತಿಯನ್ನು ನೋಡಿದರು. ಮಾರನೆಯ ದಿನ ವಿಶಾಖಪಟ್ಟಣದ ಎಂ.ವಿ.ಪಿ. ಕಾಲೊನಿಯ ಮನೆಗೆ ಬೀಗ ಬಿತ್ತು.

ಮಧ್ಯಾಹ್ನದ ರೈಲು ರತ್ನಾಚಲ್‌ನಲ್ಲಿ ಕಿಟಕಿಯ ಪಕ್ಕ ಗಂಡ, ಅವರ ಪಕ್ಕ ಅನುಸೂಯಮ್ಮ. ಇವರ ಮಡಿಲಲ್ಲಿ ಚಿತ್ರಾನ್ನದ ಡಬ್ಬಿ, ಕಪ್ಪು ಬಣ್ಣದ ಒಂದು ಟ್ಯೂಬು, ಒಂದು ಸಣ್ಣ ಕುಂಚ. ಬಣ್ಣವನ್ನೂ ಕುಂಚವನ್ನೂ ಅನುಸೂಯಮ್ಮನೇ ಜಗದಂಬಾ ಜಂಕ್ಷನ್ನಿನ ಅಂಗಡಿಗೆ ಹೋಗಿ ತಂದಿದ್ದರು. ಅನಕಾಪಲ್ಲಿ ದಾಟುವಾಗ ನಾರಾಯಣಸ್ವಾಮಿ "ಈ ಕುಂಚ ಒರಟು, ಆಗಲ್ಲ" ಎಂದರು. ತುನಿಯಲ್ಲಿ "ಕೈ ನಡುಗುತ್ತೆ" ಎಂದರು. ಸಾಮಲಕೋಟದಲ್ಲಿ "ಇಳಿದು ವಾಪಸ್ ಹೋಗೋಣ್ವಾ?" ಎಂದು ಕೇಳಿದರು. ಅನುಸೂಯಮ್ಮ ಬಾಯಿಗೆ ಚಿತ್ರಾನ್ನ ತುಂಬಿಕೊಂಡರು. ಗೋದಾವರಿಯ ಸೇತುವೆಯ ಮೇಲೆ ಬೋಗಿಯವರೆಲ್ಲ ಕೈಮುಗಿದಾಗ ಇವರೂ ಮುಗಿದು, ಅಮ್ಮಾ ತಾಯಿ, ಈ ಮನುಷ್ಯನಿಗೆ ನಾಳೆ ಒಂದು ದಿನದ ಮಟ್ಟಿಗೆ ಬುದ್ಧಿ ಕೊಡು ಎಂದು ಬೇಡಿಕೊಂಡರು.

ರಾತ್ರಿ ಅಶ್ವತ್ಥನ ಮನೆಯಲ್ಲಿ ಕಳೆದು, ಬೆಳಿಗ್ಗೆ ತಿಂಡಿ ಮುಗಿಸಿ ಮೂವರೂ ಆಟೋ ಹತ್ತಿದರು. ವಿಜಯವಾಡದ ಬಿಸಿಲಿಗೆ ಬೆಳಿಗ್ಗೆ ಮಧ್ಯಾಹ್ನ ಎಂಬ ಭೇದವಿಲ್ಲ. ಸೀರೆಯೆಲ್ಲ ಬೆನ್ನಿಗೆ ಅಂಟಿಕೊಂಡಿತ್ತು. ಆ ಊರಿನ ಒಂದು ಬೀದಿಯೂ ಗೊತ್ತಿಲ್ಲದ ನಾರಾಯಣಸ್ವಾಮಿ, ಅಶ್ವತ್ಥನಿಗೆ ಬಾಯಿ ತೆರೆಯಲು ಬಿಡದೆ, ಕತ್ತು ಹೊರಗೆ ಹಾಕಿ ಆಟೋದವನಿಗೆ ದಾರಿ ಹೇಳುತ್ತಿದ್ದರು.

"ಕುಡಿ ವೈಪು ಬಾಬೂ, ಕುಡಿ ವೈಪು ತಿಪ್ಪು!"

ಬಲಕ್ಕೆ ತಿರುಗಿದರೆ ಅಲ್ಲಿ ಬರೀ ಗೋಡೆ. ಆಟೋದವನು ತಲೆ ಚಚ್ಚಿಕೊಂಡು ಗಾಡಿ ಹಿಂದಕ್ಕೆ ತೆಗೆದ. ಅನುಸೂಯಮ್ಮ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, ಈ ಮನುಷ್ಯ ಬಾಯಿ ಮುಚ್ಚಿಕೊಂಡಿದ್ದರೆ ಲೋಕ ನಡೆಯುವುದಿಲ್ಲವೇ ಎಂದುಕೊಂಡರು.

ಸತ್ಯನಾರಾಯಣಪುರದ ಹಳೇ ಮನೆ. ಹೊರಗೆ ರಾಶಿ ಪುಟ್ಟ ಚಪ್ಪಲಿಗಳು. ಒಳಗಿನಿಂದ ಮರದ ತುಂಡಿನ ಮೇಲೆ ಕೋಲು ಬಡಿಯುವ ಸದ್ದು, ಗೆಜ್ಜೆಯ ಸದ್ದು, ಅದರ ಮೇಲೆ ಒಂದು ಹೆಂಗಸಿನ ಗಟ್ಟಿ ದನಿ. ವಯಸ್ಸಾಗಿದ್ದರೂ ಕಂಚಿನ ಹಾಗಿತ್ತು.

"ಕುಡಿ! ಕುಡಿ! ಎಡಮ ಕಾದೇ, ಕುಡಿ!"

ಎಡಗಾಲಲ್ಲ, ಬಲಗಾಲು ಎಂದು ಯಾವುದೋ ಮಗುವಿಗೆ ಗದರಿಕೆ. ನಾರಾಯಣಸ್ವಾಮಿ ಒಂದು ಚಪ್ಪಲಿ ಬಿಟ್ಟಿದ್ದರು, ಇನ್ನೊಂದು ಕಾಲಲ್ಲೇ ಇತ್ತು. ಹಾಗೇ ನಿಂತುಬಿಟ್ಟರು. ಬಾಗಿಲ ಚೌಕಟ್ಟು ಹಿಡಿದುಕೊಂಡ ಅವರ ಮುಖದ ಬಣ್ಣ ಇಳಿದುಹೋಯಿತು.

"ಏನಾಯ್ತ್ರೀ? ತಲೆ ಸುತ್ತಿತಾ? ಹೇಳ್ದೆ, ಬಿಸಿಲಲ್ಲಿ ಕತ್ತು ಹೊರಗೆ ಹಾಕ್ಬೇಡಿ ಅಂತ!"

"ಏನಿಲ್ಲ" ಎಂದರು. ಇನ್ನೊಂದು ಚಪ್ಪಲಿಯನ್ನೂ ಬಿಟ್ಟರು.

ಒಳಗಿನಿಂದ "ರಂಡಿ, ರಂಡಿ", ಬನ್ನಿ ಬನ್ನಿ ಎಂದು ತೆಲುಗಿನಲ್ಲಿ ಕರೆಯುತ್ತ ಸೀತಾಮಹಾಲಕ್ಷ್ಮಿ ಬಂದರು. ಎಪ್ಪತ್ತು ದಾಟಿದ, ಬೆಳ್ಳಗೆ ಕೂದಲು ಹಣ್ಣಾದ, ಮಂಗಳಗಿರಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಹೆಂಗಸು. ಇಷ್ಟು ವರ್ಷ ತಮ್ಮ ಮನೆಯಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದವಳು ಇವಳೇನಾ ಎಂದು ಅನುಸೂಯಮ್ಮ ಅಡಿಯಿಂದ ಮುಡಿಯವರೆಗೆ ನೋಡಿದರು. ಸಿಟ್ಟು ಮಾಡಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಅದೂ ಒಂದು ಬೇಜಾರು.

ಮಕ್ಕಳನ್ನು ಹಿತ್ತಿಲಿಗೆ ಕಳಿಸಿ, ಬಂದವರನ್ನು ಚಾಪೆಯ ಮೇಲೆ ಕೂರಿಸಿದರು. ಎದುರಿನ ಗೋಡೆಯ ಮೇಲೆ ಚಿತ್ರ.

ಅನುಸೂಯಮ್ಮ ತಲೆಯೆತ್ತಿ ನೋಡಿದರು. ಮುಖ ನಿಜವಾಗಿಯೂ ಹಸಿರು. ಕಣ್ಣಿರಬೇಕಾದಲ್ಲಿ ಎರಡು ನೆರಳು. ಸೀರೆ ಕೆಂಪು, ಕಿತ್ತಳೆ, ನೀಲಿ ತುಂಡುಗಳಾಗಿ ಒಡೆದಿತ್ತು. ಒಂದು ಕಾಲು ನೆಲದಲ್ಲಿ, ಇನ್ನೊಂದು ಮೇಲೆ. ಒಂದೂ ನೆಟ್ಟಗಿಲ್ಲ. ಆದರೆ ಆ ಎತ್ತಿದ ಕಾಲು ಈಗ ಕೆಳಗೆ ಬಂತು, ಈಗ ಬಂತು ಎನ್ನಿಸುತ್ತಿತ್ತು. ಅದು ನೆಲ ಮುಟ್ಟುವುದನ್ನು ನೋಡಬೇಕೆಂದು ಅನುಸೂಯಮ್ಮ ಕಾದು ಕುಳಿತರು, ಕಣ್ಣು ಕೀಳಲಾಗಲಿಲ್ಲ. ಅವರಿಗೆ ಚಿತ್ರದ ಗಂಧಗಾಳಿ ಇಲ್ಲ. ಆದರೂ ಇದು ಸುಮ್ಮನೆ ಯಾರೋ ಗೀಚಿದ್ದಲ್ಲ ಎಂದು ಮನಸ್ಸಿಗೆ ತಿಳಿಯಿತು. ತಿಳಿದ ಕೂಡಲೇ ಸಿಟ್ಟು ನೆತ್ತಿಗೇರಿತು. ಈ ಕೈಯಿಂದ ಒಂದು ಕಪ್ಪೆ ಬರೆಯಲಾಗಲಿಲ್ಲವೇ? ಇಂಥ ಕೈಯನ್ನು ಇಟ್ಟುಕೊಂಡು ಜೀವಮಾನವೆಲ್ಲ ಪೇಪರು ಮಡಿಸಿದರೇ ಈ ಪುಣ್ಯಾತ್ಮರು?

ಅಷ್ಟರಲ್ಲಿ ಜಗನ್ಮೋಹನ್ ಬಂದರು. ಜುಬ್ಬಾ, ಹೆಗಲಿಗೊಂದು ಚೀಲ. ನಾರಾಯಣಸ್ವಾಮಿಯ ಪಾದ ಮುಟ್ಟಿ, ನೇರವಾಗಿ ಭಾಷಣಕ್ಕೇ ಇಳಿದರು.

"ಮಾಸ್ಟಾರೂ, ಈ ಚಿತ್ರದ ಜೀವ ಇರುವುದೇ ಆ ಎಡಗಾಲಿನಲ್ಲಿ. ಈ ಭಂಗಿಯಲ್ಲಿ ಎತ್ತಬೇಕಾದ್ದು ಬಲಗಾಲು. ನೀವು ಎಡಗಾಲು ಎತ್ತಿಸಿದಿರಿ! ಶಾಸ್ತ್ರದ ವಿರುದ್ಧ, ಸಂಪ್ರದಾಯದ ವಿರುದ್ಧ ನಮ್ಮ ಕರಾವಳಿಯಲ್ಲಿ ಎದ್ದ ಮೊದಲ ದನಿ ಆ ಕಾಲು! ನಮ್ಮ ಪುಸ್ತಕದಲ್ಲಿ ನಾಲ್ಕು ಪುಟ ಅದರ ಮೇಲೇ ಬರೆದಿದ್ದೇನೆ."

ಸೀತಾಮಹಾಲಕ್ಷ್ಮಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದರು.

"ಅಯ್ಯೋ ರಾಮಾ, ವಿರುದ್ಧವೂ ಇಲ್ಲ ಗಿರುದ್ಧವೂ ಇಲ್ಲ. ಅದು ತಪ್ಪು. ನಾನು ಆಗಲೇ ಹೇಳಿದ್ದೆ" ಎಂದು ತೆಲುಗಿನಲ್ಲಿ ಶುರು ಮಾಡಿದರು. "ನಮ್ಮ ಹಿತ್ತಿಲಲ್ಲಿ ನಾನು ನಿಲ್ಲುವುದು, ಈ ಸ್ವಾಮಿಗಾರು ಬರೆಯುವುದು. ಒಂದು ದಿನ ಬಂದು ನೋಡಿದರೆ ನಾನು ಎತ್ತಿದ್ದು ಬಲಗಾಲು, ಇವರು ಬರೆದದ್ದು ಎಡಗಾಲು. 'ಕುಡಿ, ಕುಡಿ' ಎಂದೆ. ಇವರು ನನ್ನ ಮುಖ ನೋಡಿ, ಪಕ್ಕದಲ್ಲಿ ಅಮ್ಮ ಇಟ್ಟಿದ್ದ ಮಜ್ಜಿಗೆ ಎತ್ತಿ ಗಟಗಟ ಕುಡಿದುಬಿಟ್ಟರು! ಮಾರನೆಯ ದಿನ ಮತ್ತೆ 'ಕುಡಿ, ಕುಡಿ' ಎಂದೆ. ಮತ್ತೆ ಕುಡಿದರು! ನಾನು ಕುಡಿ ಎಂದಾಗಲೆಲ್ಲ ಒಂದು ಲೋಟ ಮಜ್ಜಿಗೆ. ಪಾಪ ಹುಡುಗನಿಗೆ ಊಟವಿಲ್ಲವೇನೋ ಎಂದು ನಮ್ಮಮ್ಮ ದೊಡ್ಡ ಚೊಂಬಿನಲ್ಲೇ ತಂದಿಡಲು ಶುರು ಮಾಡಿದಳು. ಚಿತ್ರ ಮುಗಿದಾಗ ನೋಡುತ್ತೇನೆ, ಎಡಗಾಲು ಹಾಗೇ ಇದೆ! ಇಷ್ಟು ಸಲ ಹೇಳಿದರೂ ಲಕ್ಷ್ಯವೇ ಇಲ್ಲವಲ್ಲ ಎಂದು ಕೋಪ ಬಂತು. ತಪ್ಪು ಎಂದು ಹೇಳಿ ಒಳಗೆ ಹೋದೆ. ಆದರೆ ಚಿತ್ರ ಮಾತ್ರ ನನಗೆ ಪ್ರಾಣ. ಅದಕ್ಕೇ ಇಷ್ಟು ವರ್ಷ ಗೋಡೆಯ ಮೇಲಿಟ್ಟಿದ್ದೇನೆ. ಹೊಸ ಮಕ್ಕಳು ಬಂದರೆ ಇದರಲ್ಲಿ ತಪ್ಪೇನಿದೆ ಹುಡುಕಿ ಎನ್ನುತ್ತೇನೆ."

ಅಶ್ವತ್ಥ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾವಾ! ನನ್ನ ನೋಡಿ ನಗ್ತಿದ್ರಲ್ಲ!"

ಜಗನ್ಮೋಹನ್ ನಗಲಿಲ್ಲ. "ಅಂದರೆ, ಮಾಸ್ಟಾರೂ, ಆ ಎಡಗಾಲು...?"

"ಟ್ರೇಸಿಂಗ್ ಪೇಪರು" ಎಂದರು ನಾರಾಯಣಸ್ವಾಮಿ, ನೆಲ ನೋಡುತ್ತ. "ಮೊದಲನೇ ದಿನ ಅದರ ಮೇಲೆ ಬರ್ಕೊಂಡಿದ್ದೆ. ಕ್ಯಾನ್ವಾಸಿಗೆ ಇಳಿಸೋವಾಗ ಮಗುಚಿ ಹಾಕಿದೀನಿ. ಎರಡೂ ಕಡೆ ಒಂದೇ ಥರ ಕಾಣುತ್ತಲ್ಲ. ಬಲ ಎಡ ಆಗೋಯ್ತು."

"ಎದುರಿಗೇ ನಿಂತಿದ್ರಲ್ಲ ಇವರು, ನೋಡ್ಬಾರದಿತ್ತಾ?" ಎಂದು ಅನುಸೂಯಮ್ಮ ಕನ್ನಡದಲ್ಲಿ ಸಿಡುಕಿದರು.

"ಕಾಲು ಯಾರು ನೋಡಿದ್ರು?"

ಹೇಳಿದ ಮೇಲೆ ಆ ಮಾತಿನ ತೂಕ ಅವರಿಗೇ ತಿಳಿದಿರಬೇಕು. ಇನ್ನೂ ತಗ್ಗಿದ ದನಿಯಲ್ಲಿ, ಹೆಂಡತಿಗೆ ಮಾತ್ರ ಕೇಳುವ ಹಾಗೆ ಹೇಳಿದರು: "ಮನೆಯವರೆಲ್ಲ ಗಾರು ಗಾರು ಅಂತ ಮರ್ಯಾದೆಯಾಗಿ ಮಾತಾಡ್ಸೋರು. ಈಕೆ ಒಬ್ಳು ಬಂದು ಬಂದು 'ಕುಡಿ' ಅಂತಿದ್ಳು. ಏಕವಚನದಲ್ಲಿ. ನನ್ನೋಳು ಅನ್ನೋ ಹಾಗೆ... ಅದೇ ನೆನಪಲ್ಲಿ ಚಿತ್ರ ಬರೆದೆ. ಅಂಥೋಳು ತಪ್ಪು ಅಂದ್ಬಿಟ್ಳಲ್ಲ ಅಂತ."

ಅನುಸೂಯಮ್ಮನಿಗೆ ಮೊದಲ ಬೇಸಿಗೆಯ ಆ ಅರ್ಧ ಲೋಟ ಮಜ್ಜಿಗೆ ನೆನಪಾಯಿತು. ಬರೀ 'ಕುಡಿ' ಅನ್ನು. ಓಹೋ, ಅದಾ ಇದು! ಎದೆಯೊಳಗೆ ಏನೋ ಚುಚ್ಚಿದ ಹಾಗಾಯಿತು. ಚುಚ್ಚಿದ್ದರ ಜೊತೆಗೇ ಇಷ್ಟು ವರ್ಷದ ಕೋಪವೆಲ್ಲ ಒಟ್ಟಿಗೆ ಬಾಯಿಗೆ ಬಂತು.

"ಅಲ್ರೀ, ನಿಮ್ಮ ತಲೇಲಿ ಮೆದುಳಿದೆಯೋ ಮಣ್ಣಿದೆಯೋ? ಐವತ್ತು ವರ್ಷದಿಂದ ಈ ದೇಶದ ಆಟೋದವರಿಗೆಲ್ಲ ಕುಡಿ ವೈಪು, ಕುಡಿ ವೈಪು ಅಂತ ಬಡ್ಕೋತೀರಲ್ಲ. ಒಂದು ದಿನ, ಒಂದೇ ಒಂದು ದಿನ ಹೊಳೀಲಿಲ್ವಾ ನಿಮಗೆ?"

"ಇಲ್ಲ ಕಣೇ" ಎಂದರು ನಾರಾಯಣಸ್ವಾಮಿ. "ಆಕೆ ಅಂದಾಗ ನನಗೆ ತೆಲುಗು ಬರ್ತಿರ್ಲಿಲ್ಲ. ಅದು ಕನ್ನಡದಲ್ಲೇ ಒಳಗೆ ಕೂತ್ಬಿಡ್ತು. ಆಮೇಲೆ ಕಲಿತ ತೆಲುಗು ಅಲ್ಲಿಗೆ ಹೋಗ್ಲೇ ಇಲ್ಲ. ಈಗ ಬಾಗಿಲಲ್ಲಿ ಅದೇ ದನಿ ಕೇಳಿಸ್ತಲ್ಲ, ಆಗ ಹೋಯ್ತು."

ಸೀತಾಮಹಾಲಕ್ಷ್ಮಿಗೆ ಇವರ ಕನ್ನಡ ತಿಳಿಯದು. ಆಕೆ ಗಂಡ ಹೆಂಡತಿ ಜಗಳವಾಡುತ್ತಿದ್ದಾರೆಂದು ಮಾತ್ರ ತಿಳಿದು, ಒಳಗೆ ಹೋಗಿ ಒಂದು ದೊಡ್ಡ ಲೋಟದ ತುಂಬ ಮಜ್ಜಿಗೆ ತಂದು ನಾರಾಯಣಸ್ವಾಮಿಯ ಪಕ್ಕದಲ್ಲಿಟ್ಟರು. ಪಾಪ, ಹಳೆಯ ನೆನಪಿಗೆ ನಗೆಯಾಡಲಿ ಎಂದೇ ತಂದದ್ದು. ಅವರು ಅದರ ಕಡೆ ನೋಡಲೇ ಇಲ್ಲ.

ಜಗನ್ಮೋಹನ್ ಚಿತ್ರವನ್ನು ಗೋಡೆಯಿಂದ ಇಳಿಸಿ, ಗೋಡೆಗೇ ಒರಗಿಸಿ ನಿಲ್ಲಿಸಿದರು. ಪುಸ್ತಕ ಅಚ್ಚಾಗಿಹೋಗಿದೆ, ಎಡಗಾಲಿನ ವಿಷಯ ಆಮೇಲೆ ನೋಡೋಣ, ಈಗ ದಯವಿಟ್ಟು ಸಹಿ ಎಂದರು. ಅನುಸೂಯಮ್ಮ ಚೀಲದಿಂದ ಟ್ಯೂಬು ತೆಗೆದು, ಒಂದು ತಟ್ಟೆಗೆ ಕಪ್ಪು ಬಣ್ಣ ಹಿಂಡಿ, ಕುಂಚವನ್ನು ಗಂಡನ ಕೈಗೆ ಕೊಟ್ಟರು.

ನಾರಾಯಣಸ್ವಾಮಿ ಕುಂಚ ಹಿಡಿದು ಚಿತ್ರದ ಮುಂದೆ ಕುಳಿತರು. ಹಿತ್ತಿಲಲ್ಲಿ ಮಕ್ಕಳು ಗೆಜ್ಜೆ ಕುಣಿಸುತ್ತ ಓಡಾಡುತ್ತಿದ್ದವು.

"ಆಗಲ್ಲ" ಎಂದರು.

"ಯಾಕಾಗಲ್ಲ? ತಪ್ಪು ಏನೂಂತ ಗೊತ್ತಾಯ್ತಲ್ಲ. ಒಂದು ಕಾಲು, ಅಷ್ಟೇ ತಾನೆ?"

"ಅದಲ್ಲ ಕಣೇ. ಆಕೆ ಕುಡಿ ಅಂದ್ಳು ಅಂತ ಬರೆದ ಚಿತ್ರ ಇದು. ಆಕೆ ಅನ್ಲೇ ಇಲ್ಲ. ನನಗೆ ಹಾಗೆ ಯಾರೂ ಅಂದಿಲ್ಲ. ಬರೆದೋನು ಯಾರೋ ದಡ್ಡ ಹುಡುಗ. ಅವನ ಹೆಸರು ನಾನ್ಯಾಕೆ ಹಾಕ್ಲಿ? ಅಜ್ಞಾತ ಅಂತಲೇ ಇರ್ಲಿ ಬಿಡು."

ಬಿಡು! ಅನುಸೂಯಮ್ಮ ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡರು. ನಿನ್ನೆ ತನಕ ಅವಳು ತಪ್ಪು ಅಂದಳೆಂದು ಸಹಿ ಇಲ್ಲ. ಇವತ್ತು ಅವಳು ಕುಡಿ ಅನ್ನಲಿಲ್ಲವೆಂದು ಸಹಿ ಇಲ್ಲ. ಈ ಮನುಷ್ಯನನ್ನು ಕಟ್ಟಿಕೊಂಡು ಯಾವ ಗೋಡೆಗೆ ತಲೆ ಚಚ್ಚಿಕೊಳ್ಳುವುದು? ಕಣ್ಣು ಬಿಟ್ಟರೆ ಗಂಡನ ಬಗ್ಗಿದ ಕತ್ತು ಕಂಡಿತು. ಕೋಲಿನ ಹಾಗೆ ಬಡಕಲಾಗಿತ್ತು, ಕಾಲರಿನೊಳಗೆ ಇನ್ನೊಂದು ಕತ್ತು ಹಿಡಿಸುವಷ್ಟು ಜಾಗವಿತ್ತು. ಯಾವಾಗ ಇಷ್ಟು ಇಳಿದುಹೋದರು?

ಅನುಸೂಯಮ್ಮ ಹೋಗಿ ಗಂಡನ ಪಕ್ಕ ಕುಳಿತರು. "ಬರೀರಿ" ಎಂದರು. ದನಿ ತಮ್ಮದೇ ಅಲ್ಲ ಎನ್ನಿಸುವಷ್ಟು ಮೆತ್ತಗಿತ್ತು.

"ಎಲ್ಲಿ ಬರೀಲಿ?" ಎಂದು ನಾರಾಯಣಸ್ವಾಮಿ ಕೇಳಿದರು. ಆ ಚಿತ್ರದ ಬಗ್ಗೆ ಅವರು ಹೆಂಡತಿಯನ್ನು ಒಂದು ಮಾತು ಕೇಳಿದ್ದು ಅದೇ ಮೊದಲು.

"ಕುಡಿ" ಎಂದರು ಅನುಸೂಯಮ್ಮ.

ಬಾಯಿಂದ ಅದು ಹೊರಗೆ ಬಂದಾಗಿತ್ತು. ಬಲಗಡೆ ಎಂದು ತೆಲುಗಿನಲ್ಲಿ ಹೇಳಿದೆನೋ, ಲೋಟದ ಕಡೆ ನೋಡುತ್ತ ಕನ್ನಡದಲ್ಲಿ ಹೇಳಿದೆನೋ, ಅವರಿಗೇ ತಿಳಿಯಲಿಲ್ಲ. ಚರ್ಮ ಸುಲಿಯಲು ಅತ್ತೆ ಈಗ ಇರಲಿಲ್ಲ. ಆದರೂ ಕಿವಿ ಬಿಸಿಯಾಯಿತು.

ನಾರಾಯಣಸ್ವಾಮಿ ತಿರುಗಿ ಹೆಂಡತಿಯ ಮುಖ ನೋಡಿದರು. ಆಮೇಲೆ ಕುಂಚವನ್ನು ತಟ್ಟೆಯ ಅಂಚಿಗಿಟ್ಟು, ಲೋಟ ಎತ್ತಿ, ನಡುವೆ ಎಲ್ಲೂ ನಿಲ್ಲಿಸದೆ ಮಜ್ಜಿಗೆಯನ್ನೆಲ್ಲ ಕುಡಿದರು. ಮೇಲ್ದುಟಿಯ ಬಿಳಿಯನ್ನು ಅಂಗೈಯಿಂದ ಒರೆಸಿಕೊಂಡರು. ಕುಂಚ ಎತ್ತಿಕೊಂಡು, ಚಿತ್ರದ ಬಲಗಡೆಯ ಮೂಲೆಯಲ್ಲಿ, ಎತ್ತಿದ ಕಾಲಿನ ಕೆಳಗೆ, ಕನ್ನಡದಲ್ಲಿ ತಮ್ಮ ಹೆಸರು ಬರೆದರು. 'ಣ' ಸ್ವಲ್ಪ ಕೆಳಗಿಳಿಯಿತು.

"ತಪ್ಪಾಯ್ತಾ?" ಎಂದು ಕೇಳಿದರು.

ಅನುಸೂಯಮ್ಮ ಕನ್ನಡಕ ಹಾಕಿಕೊಂಡು, ಬಗ್ಗಿ, ಒಂದೊಂದೇ ಅಕ್ಷರ ನೋಡಿದರು.

"ಆದ್ರೆ ಆಯ್ತು" ಎಂದರು. "ಲೋಟ ಕೊಡು ಇಲ್ಲಿ."